ಮಗುವಿನ ಹುಟ್ಟುಹಬ್ಬ, ತಂದೆಯ ಕಂತು

ಗೋರೆಗಾಂವಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದು ಹೊಸ ಹಬ್ಬ ನೆಲೆಯೂರಿದೆ. ಅದು ಯಾವ ಪಂಚಾಂಗದಲ್ಲೂ ಇಲ್ಲ. ಆದರೆ ಯುಗಾದಿಗೂ ಚೌತಿಗೂ ಇಲ್ಲದ ವೈಭವ ಅದಕ್ಕಿದೆ. ಮನೆಯ ಮಗುವಿಗೆ ಒಂದು ವರ್ಷ ತುಂಬುವುದೇ ತಡ, ಹೈವೇಯ ಬದಿಯಲ್ಲೋ ಲಿಂಕ್ ರೋಡಿನಲ್ಲೋ ಒಂದು ಬ್ಯಾಂಕ್ವೆಟ್ ಹಾಲು ಗೊತ್ತಾಗುತ್ತದೆ. ಮದುವೆಗೆ ಹೇಳುವಷ್ಟೇ ಮಂದಿಗೆ ಹೇಳಿಕೆ ಹೋಗುತ್ತದೆ. ಎರಡನೆಯ ವರ್ಷ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಬಾರದಷ್ಟೆ, ಆದ್ದರಿಂದ ಹಾಲು ಇನ್ನಷ್ಟು ದೊಡ್ಡದಾಗುತ್ತದೆ. ಮಗು ಶಾಲೆ ಸೇರಿದ ಮೇಲಂತೂ ಕೇಳುವುದೇ ಬೇಡ.

ಇಂಥ ಸಮಾರಂಭಗಳಿಗೆ ಹೋಗದವರು ನಮ್ಮಲ್ಲಿ ಯಾರಿದ್ದಾರೆ? ಬಾಗಿಲಲ್ಲಿ ಬಲೂನುಗಳ ಕಮಾನು. ಒಳಗೆ ಮಗುವಿನ ಆಳೆತ್ತರದ ಚಿತ್ರ. ಮೈಕು ಹಿಡಿದ ಯುವಕನೊಬ್ಬ ಹಿಂದಿ, ಇಂಗ್ಲಿಷು ಬೆರೆಸಿ ಕಿರುಚುತ್ತ ಮಕ್ಕಳನ್ನು ಕುಣಿಸುತ್ತಾನೆ. ಒಂದು ಮೂಲೆಯಲ್ಲಿ ಮಕ್ಕಳ ಕೈಗೆ ಚಿತ್ರ ಬರೆಯುವವರು, ಇನ್ನೊಂದರಲ್ಲಿ ಪಾಪ್‌ಕಾರ್ನ್ ಯಂತ್ರ. ಮೊಮ್ಮಗುವನ್ನು ನೋಡಲೆಂದು ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕುಳಿತು ಬಂದ ಅಜ್ಜಿ ಏಸಿಯ ಗಾಳಿಗೆ ಸೆರಗು ಹೊದ್ದು ಕೊನೆಯ ಸಾಲಿನ ಕುರ್ಚಿಯಲ್ಲಿರುತ್ತಾಳೆ. ಮೈಕಿನವನ ಒಂದು ಮಾತೂ ಆಕೆಗೆ ಅರ್ಥವಾಗುವುದಿಲ್ಲ. ಅವನಿಗೆ ಆಕೆ ಯಾರೆಂದೇ ಗೊತ್ತಿಲ್ಲ. ಏಳು ಗಂಟೆಗೆಂದು ಹೇಳಿದ ಕೇಕು ಒಂಬತ್ತೂವರೆಯಾದರೂ ಕತ್ತರಿಸಲ್ಪಡುವುದಿಲ್ಲ, ಏಕೆಂದರೆ ಬರಬೇಕಾದ ಗಣ್ಯರೊಬ್ಬರು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ಮಗು ಚುಚ್ಚುವ ಜರಿಯ ಅಂಗಿಯಲ್ಲಿ ಅತ್ತೂ ಅತ್ತೂ ನಿದ್ದೆ ಹೋಗಿರುತ್ತದೆ. ಫೋಟೋದವನಿಗಾಗಿ ಅದನ್ನು ಅಲುಗಾಡಿಸಿ ಎಬ್ಬಿಸುತ್ತಾರೆ!

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ದೀಪ ಹಚ್ಚುವುದು ನಮ್ಮ ಸಂಸ್ಕೃತಿ, ಮೇಣದ ಬತ್ತಿ ಊದಿ ಆರಿಸುವುದು ಪಾಶ್ಚಾತ್ಯರದು ಎಂದು ಸಭೆಗಳಲ್ಲಿ ಗುಡುಗುವ ಹಿರಿಯರ ಪಂಕ್ತಿಯಲ್ಲಿ ನಾನಿಲ್ಲ. ಮಗು ಬತ್ತಿಯನ್ನು ಊದಲಿ, ಬೇಕಾದರೆ ಎರಡು ಸಲ ಊದಲಿ. ಅಮೆರಿಕದ ಕೆಂಟಕಿಯ ಹಿಲ್ ಸೋದರಿಯರು ಶಿಶುವಿಹಾರದ ಮಕ್ಕಳಿಗೆಂದು ಮಾಡಿ 1893ರಲ್ಲಿ ಪ್ರಕಟಿಸಿದ ಬೆಳಗಿನ ವಂದನೆಯ ಹಾಡಿನ ಧಾಟಿಯೇ ಇಂದು ಜಗತ್ತಿನ ಹುಟ್ಟುಹಬ್ಬದ ಹಾಡಾಗಿದೆ. ಪಾಪ, ಅದನ್ನೂ ವ್ಯಾಪಾರ ಬಿಡಲಿಲ್ಲ. ಸಿನೆಮಾದಲ್ಲಿ ಹಾಡಿದರೂ ಶುಲ್ಕ ಕೊಡಬೇಕೆಂದು ಒಂದು ಸಂಗೀತ ಕಂಪನಿ ವರ್ಷಗಟ್ಟಲೆ ವಸೂಲಿ ಮಾಡಿತು. ಆ ಹಕ್ಕು ಊರ್ಜಿತವಲ್ಲವೆಂದು ಅಲ್ಲಿನ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಒಂದು ಕೋಟಿ ನಲವತ್ತು ಲಕ್ಷ ಡಾಲರಿಗೆ ರಾಜಿಯಾಯಿತು. ನನ್ನ ಜಗಳ ಹಾಡಿನೊಂದಿಗಲ್ಲ, ಕೇಕಿನೊಂದಿಗೂ ಅಲ್ಲ. ಜಗಳವಿರುವುದು ಲೆಕ್ಕದೊಂದಿಗೆ.

ಊಟಕ್ಕೆ ತಲೆಗೆ ಒಂದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ, ನೂರೈವತ್ತು ಜನ. ಊಟಕ್ಕೇ ಒಂದೂವರೆ ಲಕ್ಷವಾಯಿತು. ಅಲಂಕಾರ, ಮೈಕಿನವನು, ಫೋಟೋ, ವೀಡಿಯೋ, ಕೇಕು, ಬಂದ ಪ್ರತಿ ಮಗುವಿನ ಕೈಗೂ ಮರಳಿ ಕೊಡುವ ಉಡುಗೊರೆ ಇವೆಲ್ಲ ಬೇರೆ. ಕೈತುಂಬ ಇರುವವನು ಇದನ್ನು ಖರ್ಚು ಮಾಡಿದರೆ ಅದು ಅವನ ಹಣ. ಆದರೆ ನಮ್ಮಲ್ಲಿ ಎಷ್ಟು ಮಂದಿ ಕೈತುಂಬ ಇರುವವರು? ಬ್ಯಾಂಕಿನ ಗುಮಾಸ್ತ, ಹೋಟೆಲಿನ ಮ್ಯಾನೇಜರು, ಕ್ಯಾಂಟೀನ್ ನಡೆಸುವವನು, ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವನು: ಇವರೇ ತಾನೆ ನಮ್ಮ ಬಹುಸಂಖ್ಯಾತರು? ಮನೆಯ ಸಾಲದ ಕಂತು, ಶಾಲೆಯ ಫೀಸಿನ ಕಂತು ಕಟ್ಟಿ ಏದುಸಿರು ಬಿಡುತ್ತಿರುವವನು ಈ ಒಂದು ಸಂಜೆಗೆಂದು ಮತ್ತೊಂದು ಸಾಲ ಎತ್ತುತ್ತಾನೆ. ಮುಂದಿನ ಹುಟ್ಟುಹಬ್ಬ ಬಂದರೂ ಹಿಂದಿನದರ ಕಂತು ತೀರಿರುವುದಿಲ್ಲ.

ನಮ್ಮ ಹಿರಿಯರಿಗೂ ಕೊಡು-ಕೊಳ್ಳುವಿಕೆ ತಿಳಿದಿತ್ತು. ಅದಕ್ಕೆ ಮುಯ್ಯಿ ಎಂದು ಹೆಸರು. ಮದುವೆಮನೆಯ ಜಗುಲಿಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಕೊಟ್ಟರೆಂದು ಬರೆದಿಡುತ್ತಿದ್ದರು. ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟು ಹಿಂದಿರುಗುತ್ತಿತ್ತು. ಖರ್ಚಿನ ಭಾರ ಬಿದ್ದವನ ಹೆಗಲಿಗೆ ಊರೆಲ್ಲ ಹೆಗಲು ಕೊಡುವ ಏರ್ಪಾಡು ಅದು. ಬಡವನ ಮನೆಯ ಮದುವೆಯೂ ಅದರಿಂದ ಸಾಗುತ್ತಿತ್ತು. ಈಗಿನ ಹುಟ್ಟುಹಬ್ಬದ ಉಡುಗೊರೆಯಲ್ಲೂ ಪುಸ್ತಕವಿದೆ, ಆದರೆ ಅದು ಮನಸ್ಸಿನೊಳಗಿನ ಪುಸ್ತಕ. ಅವರು ಐನೂರರದ್ದು ಕೊಟ್ಟರು, ನಾವು ಅದಕ್ಕಿಂತ ಕಡಿಮೆ ಕೊಡುವುದು ಹೇಗೆ? ಅವರು ಮಕ್ಕಳಿಗೆಲ್ಲ ನೀರಿನ ಬಾಟಲಿ ಹಂಚಿದರು, ನಾವು ಪೆನ್ಸಿಲ್ ಹಂಚಿದರೆ ನಗುವುದಿಲ್ಲವೆ? ಮುಯ್ಯಿಯಲ್ಲಿ ಕೊಟ್ಟಷ್ಟು ಬಂದರೆ ಲೆಕ್ಕ ಚುಕ್ತಾ. ಇಲ್ಲಿ ಪ್ರತಿ ಸಲವೂ ಏರಲೇಬೇಕು.

ಈ ಏಣಿಯನ್ನು ಹತ್ತಲಾಗದವನ ಗತಿಯೇನು? ಆತ ಕೆಳಗೆ ನಿಂತು ನೋಡುತ್ತಿರುವುದಿಲ್ಲ. ಸದ್ದಿಲ್ಲದೆ ದೂರ ಸರಿಯುತ್ತಾನೆ. ಮೊದಲು ಮಗುವಿಗೆ ಜ್ವರವೆನ್ನುತ್ತಾರೆ, ಅನಂತರ ಊರಿಗೆ ಹೋಗಿದ್ದೆವೆನ್ನುತ್ತಾರೆ, ಕೊನೆಗೆ ಏನನ್ನೂ ಹೇಳುವುದಿಲ್ಲ. ಮರಳಿ ಕರೆಯಲಾಗದ ಮನೆಗೆ ಉಣ್ಣಲು ಹೋಗುವುದು ಹೇಗೆಂಬ ಸಂಕೋಚ ಮಾನವಂತರನ್ನೇ ಹೆಚ್ಚು ಬಾಧಿಸುತ್ತದೆ. ಚಾಳಿನ ದಿನಗಳಲ್ಲಿ ಒಂದು ಮನೆಯ ಪಾಯಸದ ಪಾತ್ರೆ ಹತ್ತು ಬಾಗಿಲು ಸುತ್ತುತ್ತಿತ್ತು. ಯಾವ ಮಗುವಿಗೂ ಅದರ ಲೆಕ್ಕ ಗೊತ್ತಿರಲಿಲ್ಲ. ಇಂದು ಏಳು ವರ್ಷದ ಮಗು ಅಪ್ಪನನ್ನು ಕೇಳುತ್ತದೆ: ‘ನಮ್ಮದು ಯಾವ ಹಾಲಿನಲ್ಲಿ?’ ಹುಟ್ಟುಹಬ್ಬಕ್ಕೆ ಬಾರದವರು ಕ್ರಮೇಣ ಸಂಘದ ರಾಜ್ಯೋತ್ಸವಕ್ಕೂ ಬರುವುದಿಲ್ಲ. ಯುವಕರು ಸಂಘಕ್ಕೆ ಬರುತ್ತಿಲ್ಲವೆಂದು ಪ್ರತಿ ಮಹಾಸಭೆಯಲ್ಲೂ ಮರುಗುವ ನಾವು ಈ ಕಾರಣವನ್ನು ಎಂದಾದರೂ ಚರ್ಚಿಸಿದ್ದೇವೆಯೆ?

‘ನಮಗೆ ಬಾಲ್ಯದಲ್ಲಿ ಏನೂ ಸಿಗಲಿಲ್ಲ, ನಮ್ಮ ಮಕ್ಕಳಿಗಾದರೂ ಸಿಗಲಿ’ ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತು ಹನ್ನೆರಡರ ವಯಸ್ಸಿಗೆ ಊರು ಬಿಟ್ಟು, ಕೋಟೆಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಕಲಿತವರ ತಲೆಮಾರು ನಮ್ಮ ನಡುವೆ ಇನ್ನೂ ಇದೆ. ಅವರಲ್ಲಿ ಹಲವರಿಗೆ ತಾವು ಹುಟ್ಟಿದ ದಿನವೇ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಜೂನ್ 1 ಅವರ ಜನ್ಮದಿನ. ಅವರೆಲ್ಲ ಒಂದೇ ದಿನ ಕೇಕು ಕತ್ತರಿಸಲು ಹೊರಟರೆ ಗೋರೆಗಾಂವಿನ ಬೇಕರಿಗಳು ಸಾಲವು! ಅಂಥವರು ಮೊಮ್ಮಗನ ಮುಂದೆ ಕೇಕು ನೋಡಬಯಸಿದರೆ ಅದನ್ನು ಆಡಂಬರವೆನ್ನಲಾರೆ. ಆದರೆ ಆ ಹಿರಿಯರ ಕತೆಯನ್ನು ಮಗುವಿಗೆ ಆ ಸಂಜೆ ಯಾರಾದರೂ ಹೇಳುತ್ತಾರೆಯೆ? ಮೈಕು ಅವರ ಕೈಗೆ ಹೋಗುತ್ತದೆಯೆ? ಹಿಂದಿಯ ಯುವಕನಿಗೆ ಕೊಡುವ ದುಡ್ಡಿನಲ್ಲಿ ಒಂದು ರಾತ್ರಿ ಶಾಲೆಗೆ ಒಂದು ವರ್ಷದ ಪಠ್ಯಪುಸ್ತಕ ಬರುತ್ತಿತ್ತೇನೋ. ನಗರಪಾಲಿಕೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಸೊರಗಿದ ಈ ಊರಿನಲ್ಲಿ, ಕನ್ನಡ ಮನೆಯ ಮಗುವಿನ ದೊಡ್ಡ ದಿನದಲ್ಲಿ ಒಂದೇ ಒಂದು ಕನ್ನಡ ಮಾತು ಮೈಕಿನಿಂದ ಕೇಳಿಸದಿದ್ದರೆ ನಾವು ದೂರಬೇಕಾದದ್ದು ಯಾರನ್ನು?

ಕಾನೂನಿನಿಂದ ಇದು ಆಗುವ ಕೆಲಸವಲ್ಲ. ಧಾನ್ಯದ ಅಭಾವವಿದ್ದ ಕಾಲದಲ್ಲಿ ದೇಶದ ಹಲವು ಕಡೆ ಅತಿಥಿ ನಿಯಂತ್ರಣದ ಆಜ್ಞೆಗಳಿದ್ದವು. ಎಲೆಗಳ ಸಂಖ್ಯೆಗೆ ಮಿತಿಯಿತ್ತು, ಮಿತಿಯನ್ನು ಮುರಿಯುವವರೂ ಇದ್ದರು. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಲೋಟ ತಟ್ಟೆಗಳ ಜೊತೆ ಅಲಂಕಾರದ ಥರ್ಮೋಕೋಲನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯೂ ದೇಶಾದ್ಯಂತ ನಿಷಿದ್ಧ. ಇದನ್ನು ಎಷ್ಟು ಹಾಲುಗಳಲ್ಲಿ ಕಂಡಿದ್ದೀರಿ ಎಂದು ನೀವೇ ಹೇಳಿ.

ಆಗಬೇಕಾದದ್ದು ನಮ್ಮೊಳಗಿನಿಂದಲೇ. ಅದಕ್ಕೆ ಮೊದಲು ನಮ್ಮ ಸಂಘಗಳು ತಮ್ಮ ನಡತೆಯನ್ನು ನೋಡಿಕೊಳ್ಳಬೇಕು. ದುಂದುವೆಚ್ಚದ ವಿರುದ್ಧ ಭಾಷಣ ಏರ್ಪಡಿಸುವ ಸಂಘವೇ, ಮಗನ ಹುಟ್ಟುಹಬ್ಬವನ್ನು ಅದ್ದೂರಿಯಾಗಿ ಮಾಡಿದವರನ್ನು ಮರುತಿಂಗಳು ವೇದಿಕೆಗೆ ಕರೆದು ಶಾಲು ಹೊದಿಸುತ್ತದೆ. ಪತ್ರಿಕೆಗಳು ಜಾಹೀರಾತಿನ ಹಣ ಬಂದರೆ ಕಿರೀಟ ತೊಟ್ಟ ಮಗುವಿನ ಚಿತ್ರವನ್ನು ಪುಟದ ತುಂಬ ಅಚ್ಚುಹಾಕುತ್ತವೆ. ಈ ಪತ್ರಿಕೆಯ ಸಂಪಾದಕರು ಈ ವಾಕ್ಯವನ್ನು ಹಾಗೆಯೇ ಬಿಡುತ್ತಾರೆಂದು ನಂಬಿದ್ದೇನೆ.

ಕಾರ್ಯಕಾರಿ ಸಮಿತಿಯ ಮುಂದೆ ಇಡಬಯಸುವುದು ಇಷ್ಟೆ. ತಿಂಗಳಿಗೊಂದು ಭಾನುವಾರ ಸಂಜೆ ಸಂಘದ ಕೋಣೆಯನ್ನು ಮಕ್ಕಳಿಗೆ ತೆರೆದಿಡಿ. ಆ ತಿಂಗಳು ಹುಟ್ಟಿದ ಸದಸ್ಯರ ಮಕ್ಕಳೆಲ್ಲರಿಗೂ ಸೇರಿ ಒಂದೇ ಹುಟ್ಟುಹಬ್ಬವಾಗಲಿ. ಒಂದು ಕೇಕು, ಒಂದು ಪಾತ್ರೆ ಪಾಯಸ, ಅವಲಕ್ಕಿ ಸಾಕು. ಉಡುಗೊರೆ ತರಕೂಡದು, ಹಂಚಕೂಡದು. ಕೊಡಲೇಬೇಕೆನ್ನುವವರು ಸಂಘದ ಕಪಾಟಿಗೆ ಒಂದು ಕನ್ನಡ ಮಕ್ಕಳ ಪುಸ್ತಕ ಕೊಡಲಿ. ಮೈಕು ಬೇಡ. ಯಾರ ಮನೆಯದಾದರೂ ಸರಿ, ಒಬ್ಬ ಅಜ್ಜಿಯನ್ನು ಮೊದಲ ಸಾಲಿನಲ್ಲಿ ಮಕ್ಕಳ ನಡುವೆ ಕೂರಿಸಿ, ತನಗೆ ತಿಳಿದ ಒಂದು ಕತೆಯನ್ನು ಹೇಳಿಸಿ. ಹಾಲು ಹಿಡಿಯಬಲ್ಲ ಸದಸ್ಯರೂ ತಮ್ಮ ಮಕ್ಕಳನ್ನು ಇಲ್ಲಿಗೆ ಕರೆತರಬೇಕು, ಇಲ್ಲವಾದರೆ ಇದು ಬಡವರ ಹುಟ್ಟುಹಬ್ಬವೆನಿಸಿಕೊಂಡು ಎರಡೇ ತಿಂಗಳಿಗೆ ನಿಂತುಹೋಗುತ್ತದೆ. ಆದ್ದರಿಂದ ಮೊದಲ ತಿಂಗಳ ಪಟ್ಟಿಯಲ್ಲಿ ಪದಾಧಿಕಾರಿಗಳ ಮಕ್ಕಳ, ಮೊಮ್ಮಕ್ಕಳ ಹೆಸರುಗಳೇ ಇರಲಿ.