ಟಿವ್ಯಾಗ ಬರ್ತೈತಲ್ಲ ಅಂದ್ರ ಆತೇನು?

ಹ್ವಾದ ವಾರ ಮನ್ಯಾಗ ಪಿಚ್ಚರಿಗೆ ಹೋಗೂನು ಅಂತ ಮಾತ ತಗದ್ನಿ. "ಸುಮ್ನ ಯಾಕ ರೊಕ್ಕ ಹಾಳ ಮಾಡ್ತಿ, ಎರಡ ತಿಂಗಳಿಗೆ ಟಿವ್ಯಾಗ ಬರ್ತೈತಿ" ಅಂದ್ರು ಇವರು. ಗಂಡಸರಿಗೆ ಪಿಚ್ಚರ್ ಅಂದ್ರ ಪರದೆ ಮ್ಯಾಲಿಂದು ಅಷ್ಟ. ನಮಗ ಹಂಗಲ್ಲ ನೋಡ್ರಿ.

1991ರ 'ಮಾಹೇರಚೀ ಸಾಡಿ', ಅಂದ್ರ ತವರಮನಿ ಸೀರಿ, ನಮ್ಮ ನಿಪ್ಪಾಣಿಗೆ ಬಂದಾಗ ನಾ ಸಣ್ಣಾಕಿ. ಅವ್ವ ಬೀಡಿ ಕಟ್ಟಾಕಿ. ಸಾವಿರ ಬೀಡಿ ಆಗಬೇಕಂದ್ರ ದೀಪ ಹಚ್ಚೂತನಕ ಮರ ತೊಡಿಮ್ಯಾಲಿಂದ ಇಳೀತಿರ್ಲಿಲ್ಲ. ಆವತ್ತ ನಸುಕಿನ್ಯಾಗ ಎದ್ದು ಲೆಕ್ಕ ಮುಗಿಸಿ, ತಲಿ ಬಾಚಿ, ಅಬ್ಬಲಿಗಿ ಮುಡದು ಹೊಂಟ್ಲು. ಸಂಗಡ ಆಯಿ, ಇಬ್ಬರು ಕಾಕೂಗಳು, ಬಾಜೂಮನಿ ಮೌಶಿ. ಅವ್ವಗ ಮರಾಠಿ ಅಷ್ಟಕ್ಕಷ್ಟ. ಮೌಶಿ ಕಿವ್ಯಾಗ ಕನ್ನಡ ಮಾಡಿ ಹೇಳೂದು, ಹಿಂದ ಕುಂತಾಕಿ ಬೈಯೂದು.

ಅಲ್ಕಾ ಕುಬಲ್‌ಗೆ ಅತ್ತಿ ಕಾಡಾಕ ಸುರು ಮಾಡಿದ ಕೂಡ್ಲೆ ಟಾಕೀಜಿನ ತುಂಬ ಮೂಗ ಸೀನೂ ಸಪ್ಪಳ. ನಮ್ಮ ಆಯಿನೂ ಆ ಅತ್ತಿಗೆ ಬಾಯಿಗೆ ಬಂದಂಗ ಬೈದು ಅತ್ತಳು. ಅವ್ವ ಒಮ್ಮೆ ಆಯಿ ಮಾರಿ ನೋಡಿದ್ಲು, ಆಮ್ಯಾಲೆ ಸುಮ್ನ ಶೇಂಗಾ ತಿನಕೋತ ಕುಂತ್ಲು. ಮನಿಗೆ ಬಂದ ಕೂಡ್ಲೆ ಆಯಿ "ಇನ್ನೂ ಒಲಿ ಹಚ್ಚಿಲ್ಲೇನ?" ಅಂದದ್ದು ಬ್ಯಾರೆ ಮಾತು.

ಆದ್ರ ಆ ಮೂರ ತಾಸು ಅವ್ವನ ಕೈಯಾಗ ಕೆಲಸ ಇರ್ಲಿಲ್ಲ. ಅದನ್ನ ನಾ ಮನ್ಯಾಗ ಎಂದೂ ನೋಡಿರ್ಲಿಲ್ಲ. ಮುಂದ ಟಿವಿ ಬಂತು, ಪಿಚ್ಚರೂ ಮನಿಗೆ ಬಂತು. ಅವ್ವ ಅದನ್ನ ಬೀಡಿ ಕಟ್ಟಕೋತ ನೋಡಿದ್ಲು. ನಾ ಈಗ ರೊಟ್ಟಿ ಬಡಕೋತ ಅರ್ಧ ನೋಡ್ತೀನಿ, ಅರ್ಧ ಕೇಳ್ತೀನಿ. ನಡುವ ಒಬ್ಬರು ಚಹಾ ಅಂತಾರ.

ಹಳೇ ಟಾಕೀಜು ಸ್ವರ್ಗ ಇದ್ದೂವು ಅಂತ ನಾ ಹೇಳಾಂಗಿಲ್ಲ. ಖುರ್ಚ್ಯಾಗ ತಗಣಿ, ಬಾಗಲದಾಗ ಹುಡುಗರ ಸೀಟಿ, ಮ್ಯಾಲ ಬೀಡಿ ಹೊಗಿ (ನಮ್ಮವ್ವ ಕಟ್ಟಿದ್ದ ಇರಬೇಕು). ಅಷ್ಟಾದ್ರೂ ಹೆಂಗಸರು ಹೋಗ್ತಿದ್ರು.

2023ರಾಗ 'ಬಾಯಿಪಣ ಭಾರೀ ದೇವಾ' ಬಂದಾಗ, ಆರು ಮಂದಿ ಅಕ್ಕತಂಗ್ಯಾರ ಕತಿ ಅದು, ಮಹಾರಾಷ್ಟ್ರದಾಗ ಹೆಂಗಸರು ಗುಂಪ ಕಟಗೊಂಡು, ಛಲೋ ಸೀರಿ ಉಟಗೊಂಡು ಹೋದ್ರು. ನಾವೂ ಏಳ ಮಂದಿ ಕೊಲ್ಹಾಪುರಕ್ಕ ಹೋದ್ವಿ. ಸುಮಾರು 40 ಕಿಲೋಮೀಟರ್, ಹೋಗೂಮುಂದೂ ನಗು, ಬರೂಮುಂದೂ ನಗು. ಅದ ಪಿಚ್ಚರ್ ಆಮ್ಯಾಲೆ ಮನ್ಯಾಗ ಹಚ್ಚಿದಾಗ ನಂಗ ಪೂರಾ ನೋಡಾಕ ಆಗ್ಲಿಲ್ಲ. ಕುಕ್ಕರ್ ಕೂಗಿತು.

ಬರೂ ರವಿವಾರ ಮಧ್ಯಾಹ್ನದ ಶೋಕ ಹೊಂಟೀವಿ. ಗಾಡ್ಯಾಗ ಇನ್ನ ಮೂರ ಜಾಗಾ ಅದಾವು. ಅತ್ತೀನ್ನ ಕರಕೊಂಡ ಬರಾಕಿಯರು ಮೊದಲ ಹೇಳ್ರಿ, ಮುಂದಿನ ಸೀಟ ಹಿಡದ ಇಡ್ತೀನಿ. ಚಹಾಪುಡಿ ಡಬ್ಬಿ ಎಲ್ಲೈತಿ ಅಂತ ಮನ್ಯಾಗ ತೋರಿಸೇ ಬರ್ರಿ.