ಸಂತಾನ ಚಿಕಿತ್ಸೆ: ಮೊದಲ ಚುಚ್ಚುಮದ್ದಿಗೆ ಮುನ್ನ

ಸಂತಾನ ಚಿಕಿತ್ಸೆಗೆಂದು ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದಿರುತ್ತವೆ; ಆದರೂ ಮನಸ್ಸು ಒಪ್ಪುವುದಿಲ್ಲ. ಈಗ ಬೇರೆಡೆಗೆ ಹೋಗುವುದು ಸರಿಯೇ ಎಂಬ ಅಳುಕು ಅನೇಕ ದಂಪತಿಗಳದು. ಮೊದಲ ಚುಚ್ಚುಮದ್ದಿಗೆ ಮುನ್ನ ಬದಲಿಸುವುದು ಸುಲಭ, ಅನಂತರ ಕಷ್ಟ.

ನಮ್ಮ ಮಲೆನಾಡಿನವರು ಮೊದಲು ದಾರಿಯನ್ನು ಲೆಕ್ಕಿಸಬೇಕು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಹತ್ತು-ಹನ್ನೆರಡು ದಿನ ಚುಚ್ಚುಮದ್ದು, ನಡುನಡುವೆ ಸ್ಕ್ಯಾನಿಂಗ್, ಕೊನೆಗೆ ನಿಗದಿತ ಗಂಟೆಗೇ ಅಂಡ ಸಂಗ್ರಹಣೆ. ಕಳಸದಿಂದ ಚಿಕ್ಕಮಗಳೂರೇ ಸುಮಾರು 90 ಕಿ.ಮೀ. ಮಂಗಳೂರಿಗೆ ಇಳಿಯುವ ಚಾರ್ಮಾಡಿ ಘಾಟಿಯಲ್ಲಿ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ದೂರದ ಆಸ್ಪತ್ರೆಯೇ ಬೇಕೆಂದಾದರೆ ಅಲ್ಲಿಯೇ ತಂಗುವ ಏರ್ಪಾಟಿರಲಿ.

2021ರ ಕಾಯಿದೆಯಂತೆ ಆಸ್ಪತ್ರೆ ನೋಂದಾಯಿತವಾಗಿರಬೇಕು. ಫಲದ ಸಾಧ್ಯತೆ, ವೆಚ್ಚ, ಅಪಾಯಗಳನ್ನು ಮೊದಲೇ ತಿಳಿಸಬೇಕು. ನಿಮ್ಮ ವಯಸ್ಸಿನವರಲ್ಲಿ ಫಲವೆಷ್ಟು ಎಂದು ನೇರವಾಗಿ ಕೇಳಿರಿ. ಉತ್ತರ ಜಾರಿಕೊಂಡರೆ ಬದಲಿಸಲು ಅದೇ ಸಾಕಷ್ಟು ಕಾರಣ. ಹಿಂದಿನ ವರದಿಗಳನ್ನು ಬರೆದುಕೊಟ್ಟು ಕೇಳಿರಿ. ವೈದ್ಯರು 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಅವು ಕೈಯಲ್ಲಿದ್ದರೆ ಎಷ್ಟೋ ಪರೀಕ್ಷೆಗಳನ್ನು ಮತ್ತೆ ಮಾಡಿಸುವುದು ತಪ್ಪೀತು.

ಆದರೆ ಹುಡುಕಾಟಕ್ಕೂ ಮಿತಿಯಿರಲಿ. ಮೂವತ್ತೈದು ದಾಟಿದ ಹೆಣ್ಣುಮಗಳಿಗೆ ಒಂದೊಂದು ತಿಂಗಳೂ ಅಮೂಲ್ಯ. ನೆಂಟರಿಷ್ಟರ ಸಲಹೆ ಏನೇ ಇರಲಿ, ಸೂಜಿಗೆ ಮೈಯೊಡ್ಡುವವಳ ಮಾತಿಗೆ ಮನೆಯವರು ಮೊದಲು ಕಿವಿಗೊಡಬೇಕು.