ತಂದೆಗೂ ಬೇಕು ಸ್ಥಿತಿಕರಣ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳುಂಟೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಅವುಗಳಲ್ಲಿ ಆರನೆಯದು ಸ್ಥಿತಿಕರಣ, ಎಂಟನೆಯದು ಪ್ರಭಾವನೆ. ಸನ್ಮಾರ್ಗದಿಂದ ಜಾರುತ್ತಿರುವವನನ್ನು ಕೈಹಿಡಿದು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಧರ್ಮದ ಮಹಿಮೆಯನ್ನು ಲೋಕಕ್ಕೆ ಪ್ರಕಟಪಡಿಸುವುದು ಪ್ರಭಾವನೆ. ಇಂದಿನ ಜೈನ ಸಮಾಜದ ಜಮಾಖರ್ಚಿನ ಪುಸ್ತಕವನ್ನು ತೆರೆದರೆ ಪ್ರಭಾವನೆಯ ಖಾತೆ ತುಂಬಿ ತುಳುಕುತ್ತಿದೆ. ಸ್ಥಿತಿಕರಣದ ಹೆಸರಿಗೆ ಒಂದು ಪುಟವನ್ನೂ ತೆರೆದಿಲ್ಲ. ಪಂಚಕಲ್ಯಾಣ, ರಥೋತ್ಸವಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಅಂಗಹೀನವಾದ ದರ್ಶನವು ಜನ್ಮಪರಂಪರೆಯನ್ನು ಕಡಿಯಲಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಚ್ಚರಿಸಿರುವುದನ್ನು ಉತ್ಸವ ಸಮಿತಿಗಳು ಮರೆಯಲಾಗದು.

ಜಾರುತ್ತಿರುವವರನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸಮಾಜದಲ್ಲಿ ಮಕ್ಕಳಿಗೆ ಪಾಠಶಾಲೆ ಇದೆ, ವಿದ್ಯಾರ್ಥಿಗಳಿಗೆ ನಿಲಯವಿದೆ, ಯುವಕರಿಗೆ ಸಂಘವಿದೆ, ಸ್ತ್ರೀಯರಿಗೆ ಮಹಿಳಾ ಸಮಾಜವಿದೆ. ನಡುವಯಸ್ಸಿನ ತಂದೆಗೆ ಏನಿದೆ? ಚಂದಾ ಪಟ್ಟಿಯಲ್ಲಿ ಒಂದು ಸಾಲು ಇದೆ, ಅಷ್ಟೆ. ಅಂಗಡಿಯ ವ್ಯಾಪಾರ ಕುಸಿದು ಸಾಲದ ಬಡ್ಡಿ ಏರುತ್ತಿರುವವನು, ಹಳ್ಳಿಯ ಜಮೀನು ಮಾರಿ ನಗರ ಸೇರಿ ನೆಲೆ ಕಾಣದವನು, ಪತ್ನಿಯನ್ನು ಕಳೆದುಕೊಂಡು ಎರಡು ಮಕ್ಕಳನ್ನು ಒಬ್ಬನೇ ಸಾಕುತ್ತಿರುವವನು, ಬೆಳಗ್ಗೆ ಅಭಿಷೇಕದಲ್ಲಿ ಮೊದಲ ಸಾಲಿನಲ್ಲಿ ನಿಂತು ರಾತ್ರಿ ಮಗನ ಮೇಲೆ ಕೈಯೆತ್ತುವವನು, ಇವರೆಲ್ಲರೂ ಬಸದಿಯ ಮೆಟ್ಟಿಲನ್ನು ಹತ್ತಿ ಇಳಿಯುತ್ತಲೇ ಇದ್ದಾರೆ. ಅವರ ಮನೆಯೊಳಗಿನ ಮಾತನ್ನು ಕೇಳುವವರಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿದ ಭಾರವನ್ನು ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಪ್ರವಚನಗಳಲ್ಲಿ ಇವುಗಳನ್ನು ಎತ್ತು ಕುದುರೆಗಳಿಗೆ ಅನ್ವಯಿಸಿ ವಿವರಿಸುವುದು ವಾಡಿಕೆ. ಇಂದು ಎತ್ತು ಕುದುರೆಗಳು ಎಷ್ಟು ಶ್ರಾವಕರ ಮನೆಯಲ್ಲಿವೆ? ಮಕ್ಕಳಂತೂ ಇದ್ದಾರೆ. ಕೋಣೆಯಲ್ಲಿ ಕೂಡಿಹಾಕುವುದು ಬಂಧವಲ್ಲವೇ? ಬೆಲ್ಟಿನ ಏಟು ವಧವಲ್ಲವೇ? ಅಂಕ ಕಡಿಮೆಯಾಯಿತೆಂದು ರಾತ್ರಿ ಊಟವಿಲ್ಲದೆ ಮಲಗಿಸುವುದು ಅನ್ನಪಾನನಿರೋಧವಲ್ಲವೇ? ತಾನು ಪಾಸಾಗದ ಪರೀಕ್ಷೆಯನ್ನು ಮಗ ಪಾಸಾಗಲೇಬೇಕೆಂದು ಹದಿನಾರರ ಹೆಗಲ ಮೇಲೆ ಹೊರೆ ಹೇರುವುದಕ್ಕಿಂತ ಮಿಗಿಲಾದ ಅತಿಭಾರಾರೋಪಣ ಯಾವುದಿದೆ? ಇರುವೆಯನ್ನು ತುಳಿಯದಂತೆ ನೆಲ ನೋಡಿ ನಡೆಯುವ ಪಾದವು ಮನೆಯ ಹೊಸ್ತಿಲು ದಾಟಿದೊಡನೆ ಎಚ್ಚರ ತಪ್ಪುವುದಾದರೆ ಆ ಅಹಿಂಸೆ ಬರಿಯ ನಡಿಗೆಯ ಅಭ್ಯಾಸವೇ ಹೊರತು ವ್ರತವಲ್ಲ.

‘ಹಿರಿಯರು ಹೊಡೆದೇ ಬೆಳೆಸಿದರು, ಯಾರು ಕೆಟ್ಟರು?’ ಎಂಬುದು ಸಿದ್ಧವಾಗಿರುವ ಉತ್ತರ. ಕೆಟ್ಟವರು ತಮ್ಮ ಕಥೆಯನ್ನು ಸಭೆಗೆ ಬಂದು ಹೇಳುವುದಿಲ್ಲವಾದ್ದರಿಂದ ಈ ವಾದ ಇನ್ನೂ ಬದುಕಿದೆ. ಹೊಡೆತ ತಿಂದು ಬೆಳೆದವನು ಕಲಿತದ್ದು ಶಿಸ್ತನ್ನಲ್ಲ, ಹೊಡೆಯುವುದನ್ನು. ಆ ಪಾಠ ಮುಂದಿನ ತಲೆಮಾರಿಗೆ ಆಸ್ತಿಯಂತೆ ಇಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜವು ಸರ್ಕಾರದ ಕಾಯಿದೆಗಿಂತ ಹಿಂದುಳಿದರೆ ಅದು ನಾಚಿಕೆಯ ಸಂಗತಿ. 2011ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇಕಡಾ 94ನ್ನು ದಾಟಿತ್ತೆಂದು ವೇದಿಕೆಗಳಲ್ಲಿ ಹೆಮ್ಮೆಪಡುವವರು, ಈ ಸಾಕ್ಷರರಲ್ಲಿ ಎಷ್ಟು ಮಂದಿಗೆ ತಂದೆತನದ ಅಕ್ಷರಾಭ್ಯಾಸವಾಗಿದೆಯೆಂದೂ ಕೇಳಿಕೊಳ್ಳಬೇಕು.

ಎರಡನೆಯ ಆಕ್ಷೇಪವು ಶಾಸ್ತ್ರದ ವೇಷ ತೊಟ್ಟು ಬರುತ್ತದೆ. ಪರರ ದೋಷವನ್ನು ಮುಚ್ಚುವುದು ಉಪಗೂಹನ, ಅದೂ ಸಮ್ಯಗ್ದರ್ಶನದ ಅಂಗವೇ. ಆದುದರಿಂದ ಮನೆಯ ಮಾತನ್ನು ಬೀದಿಗೆ ತರಬಾರದು ಎಂಬ ವಾದವಿದು. ಉಪಗೂಹನಕ್ಕೆ ಪ್ರಸಿದ್ಧ ದೃಷ್ಟಾಂತ ಜಿನೇಂದ್ರಭಕ್ತ ಶ್ರೇಷ್ಠಿಯದು. ವ್ರತಿಯ ವೇಷದಲ್ಲಿ ಬಂದು ರತ್ನವನ್ನು ಕದ್ದವನು ಸಿಕ್ಕಿಬಿದ್ದಾಗ, ಧರ್ಮಕ್ಕೆ ಅಪಕೀರ್ತಿ ಬರಬಾರದೆಂದು ಶ್ರೇಷ್ಠಿಯು ಜನರೆದುರು ದೋಷವನ್ನು ಮುಚ್ಚಿದನು. ಆದರೆ ಆ ಕಳ್ಳನನ್ನು ಮತ್ತೆ ರತ್ನದ ಕಾವಲಿಗಿಟ್ಟನೆಂದು ಯಾವ ಕಥೆಯೂ ಹೇಳುವುದಿಲ್ಲ. ಉಪಗೂಹನದ ಬೆನ್ನಿಗೇ ಸ್ಥಿತಿಕರಣವನ್ನು ಇಟ್ಟಿರುವುದು ವ್ಯರ್ಥವಲ್ಲ. ಗಾಯಕ್ಕೆ ಬಟ್ಟೆ ಕಟ್ಟುವುದು ಮದ್ದು ಹಚ್ಚಿದ ಮೇಲೆ. ಮದ್ದಿಲ್ಲದೆ ಬಟ್ಟೆ ಸುತ್ತಿದರೆ ಒಳಗೆ ಕೀವು ತುಂಬುತ್ತದೆ.

ಸ್ಥಿತಿಕರಣದ ದೃಷ್ಟಾಂತ ವಾರಿಷೇಣನದು. ದೀಕ್ಷೆ ಪಡೆದ ಗೆಳೆಯನ ಮನಸ್ಸು ಬಿಟ್ಟುಬಂದ ಹೆಂಡತಿಯ ಕಡೆಗೆ ಹರಿದಾಗ ವಾರಿಷೇಣ ಮುನಿಯು ಅವನನ್ನು ಸಂಘದ ಮುಂದೆ ನಿಲ್ಲಿಸಿ ಹಳಿಯಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದುಬಂದುದನ್ನು ತೋರಿಸಿ ನೆಲೆಗೊಳಿಸಿದನು. ಜೊತೆಯಲ್ಲಿ ನಡೆಯುವುದೇ ಇಲ್ಲಿರುವ ರೀತಿ.

ಇದೇ ನಾಡಿನಲ್ಲಿ ಈ ರೀತಿಗೆ ಕಣ್ಣೆದುರಿನ ನಿದರ್ಶನವೂ ಇದೆ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಹಳ್ಳಿಹಳ್ಳಿಗಳಲ್ಲಿ ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರಗಳನ್ನು ನಡೆಸಿವೆ. ಊರಿನವರೇ ಸಮಿತಿ ಕಟ್ಟುತ್ತಾರೆ. ಊರೆಲ್ಲ ಕುಡುಕನೆಂದು ಕರೆಯುತ್ತಿದ್ದವನು ಅಲ್ಲಿ ಶಿಬಿರಾರ್ಥಿಯಾಗುತ್ತಾನೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯು ಅವನ ಕೈ ಬಿಡುವುದಿಲ್ಲ. ಜೈನ ಮನೆತನದ ಧರ್ಮಾಧಿಕಾರಿಗಳ ನೇತೃತ್ವದಲ್ಲಿ ಸರ್ವಜನರಿಗಾಗಿ ಬೆಳೆದ ಈ ಮಾದರಿಯನ್ನು ಬಸದಿಯ ಸಮಿತಿಗಳು ‘ಅದು ಕುಡಿಯುವವರಿಗೆ’ ಎಂದು ಪಕ್ಕಕ್ಕೆ ಸರಿಸಿವೆ. ಮದ್ಯವೊಂದೇ ಅಮಲಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳ ಅಮಲು ಏರಿದ ತಂದೆಯ ಮುಂದೆ ಮಗುವಿನ ಪಾಡು ಕುಡುಕನ ಮಗುವಿನ ಪಾಡಿಗಿಂತ ಭಿನ್ನವಲ್ಲ.

ಇದಕ್ಕೆ ಬೇಕಾದ ಬಂಡವಾಳ ಅಲ್ಪ. ಚತುರ್ದಶಿಯ ದಿನ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಹತ್ತು ಹನ್ನೆರಡು ಮಂದಿ ತಂದೆಯರು ಬಸದಿಯ ಸಭಾಭವನದಲ್ಲಿ ಕುಳಿತರೆ ಸಾಕು. ಅನುಭವಸ್ಥರಾದ ಒಬ್ಬ ಹಿರಿಯರು, ಮನಸ್ಸಿನ ಚಿಕಿತ್ಸೆ ಬಲ್ಲ ಒಬ್ಬರು, ಲೆಕ್ಕ ಬಲ್ಲ ಇಬ್ಬರು ವರ್ತಕರು ಜೊತೆಗಿರಲಿ. ಸಾಲದ ಕಾಗದಗಳನ್ನು ಹರಡಿ ದಾರಿ ತೋರಿದರೆ ಎಷ್ಟೋ ಮನೆಗಳ ಸಿಟ್ಟು ಅರ್ಧ ಇಳಿಯುತ್ತದೆ. ಹೆಸರಿನ ಪಟ್ಟಿ ಬೇಡ, ಭಾವಚಿತ್ರ ಬೇಡ, ಶಾಲು ಹಾರ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಆದರೆ ಮಗುವಿಗೋ ತಾಯಿಗೋ ಅಪಾಯವಿದೆಯೆಂದು ತಿಳಿದ ಕ್ಷಣದಿಂದ ಗೌಪ್ಯದ ಮಾತಿಲ್ಲ. ಆಗ ಮೊದಲು ಕಾಪಾಡಬೇಕಾದದ್ದು ಏಟು ತಿನ್ನುವವರನ್ನು, ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕಾಗಿಯೇ. ತಂದೆಯನ್ನು ತಿದ್ದುವ ಹೊಣೆಯನ್ನು ಏಟು ತಿಂದವರ ಮೇಲೆ ಹೊರಿಸುವುದು ಇನ್ನೊಂದು ಅತಿಭಾರಾರೋಪಣ.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಅದು ಮುಗಿದ ಬಳಿಕ ಕ್ಷಮಾವಾಣಿಯಂದು ಸಮಾಜಬಾಂಧವರು ಪರಸ್ಪರ ಕೈಜೋಡಿಸುತ್ತಾರೆ. ವ್ಯಾಪಾರದ ಪ್ರತಿಸ್ಪರ್ಧಿಗೆ, ದೂರದ ನೆಂಟರಿಗೆ, ಸಭೆಯಲ್ಲಿ ಎದುರಾದ ಅಪರಿಚಿತರಿಗೆ ಕ್ಷಮೆ ಕೇಳಿದ ತಂದೆಯು ಮನೆಗೆ ಬಂದು ಎಂಟು ವರ್ಷದ ಮಗಳೆದುರು ಕೈಜೋಡಿಸಿದ ಉದಾಹರಣೆಗಳು ಎಷ್ಟಿವೆ? ಆ ಕೈಗಳನ್ನು ಜೋಡಿಸುವ ಧೈರ್ಯವನ್ನು ಅವನಿಗೆ ಕಲಿಸದ ಸಮಾಜವು ಎಷ್ಟೇ ಎತ್ತರದ ಮಾನಸ್ತಂಭವನ್ನು ನಿಲ್ಲಿಸಿದರೂ ಅದರ ನೆರಳಿನಲ್ಲಿ ಆ ಮಗುವಿಗೆ ಆಸರೆ ದೊರೆಯದು.